ಒಂದು ಮೊಳೆ, ಒಂದು ಬಾಗಿಲು

ನಮ್ಮ ಲಾಂಡ್ರಿಗೆ ಎರಡು ಭಾಗ. ಒಂದು ಒದ್ದೆ ಕಡೆ, ಇನ್ನೊಂದು ಒಣ ಕಡೆ. ಆಸ್ಪತ್ರೆಗಳ, ಹೋಟೆಲುಗಳ ಬೆಡ್‌ಶೀಟುಗಳು ಒದ್ದೆ ಕಡೆಯಿಂದ ಒಳಗೆ ಬಂದು ಒಣ ಕಡೆಯಿಂದ ಹೊರಗೆ ಹೋಗುತ್ತವೆ. ಒದ್ದೆ ಕಡೆ ಗಂಡಸರು, ಒಣ ಕಡೆ ಹೆಂಗಸರು. ಹೀಗೇ ಇರಬೇಕೆಂದು ಯಾರೂ ಬರೆದಿಟ್ಟಿಲ್ಲ. ಇಪ್ಪತ್ತೊಂಬತ್ತು ವರ್ಷದ ಹಿಂದೆ ನಾನು ಸೇರಿದಾಗಲೂ ಹಾಗೇ ಇತ್ತು.

ದೊಡ್ಡ ಬೆಡ್‌ಶೀಟನ್ನು ಒಬ್ಬರೇ ಮಡಚಲಾಗುವುದಿಲ್ಲ. ಒಬ್ಬಳು ನಿಲ್ಲಬೇಕು, ಇನ್ನೊಬ್ಬಳು ತುದಿ ಹಿಡಿದು ಅವಳತ್ತ ನಡೆದು ಬರಬೇಕು. ನಾನು ನಿಲ್ಲುವವಳು. ನನ್ನೆದುರು ನಡೆಯುತ್ತಿದ್ದವಳು ಕಣ್ಣು ಮಂಜಾಗಿ ಕೆಲಸ ಬಿಟ್ಟಳು. ಆಮೇಲೆ ಒಂದು ತಿಂಗಳು ಒಂದು ತುದಿಯನ್ನು ಮೇಜಿನ ಕೊಕ್ಕೆಗೆ ಸಿಕ್ಕಿಸಿ ನಾನೇ ನಿಂತೆ, ನಾನೇ ನಡೆದೆ. ಮನೆಗೆ ಹೋದರೆ ತಲೆ ಬಾಚಿಕೊಳ್ಳಲು ಕೈ ಏಳುತ್ತಿರಲಿಲ್ಲ. ಸೊಸೆ ಬಾಚುತ್ತಿದ್ದಳು, ಬಾಚುತ್ತಾ ಬೈಯುತ್ತಿದ್ದಳು.

ಅಂಥ ಹೊತ್ತಿನಲ್ಲಿ ಕ್ರೇನು ಬಂದದ್ದು.

ಕ್ರೇನು ಒದ್ದೆ ಕಡೆಯ ಆಳು. ನೀರು ಕುಡಿದ ಎರಡು ಗಂಟುಗಳನ್ನು ಎರಡು ಹೆಗಲ ಮೇಲೆ ಹೊತ್ತು ನಡೆಯುವ ತಾಕತ್ತಿಗೆ ಬಿದ್ದ ಹೆಸರು ಅದು. ಒಂದೂವರೆ ತಿಂಗಳು ರಜೆ ಹಾಕಿ ಹೋಗಿ, ತಿರುಗಿ ಬಂದಾಗ ಕೂದಲು ಕಿವಿ ದಾಟಿತ್ತು, ಮೈಮೇಲೆ ನಮ್ಮಂಥದೇ ನೀಲಿ ಕೋಟಿತ್ತು. ಹೋದದ್ದು ಗಂಡಸು, ಬಂದದ್ದು ಹೆಂಗಸು ಎಂದು ಎಲ್ಲರೂ ಬೆರಗಾದರು. ಅವಳ ಪ್ರಕಾರ ಹೋದವಳೂ ಅವಳೇ, ಬಂದವಳೂ ಅವಳೇ. ಹೊಸ ಹೆಸರು ಹೇಳಿದಳು. ಯಾರ ನಾಲಿಗೆಗೂ ಹತ್ತಲಿಲ್ಲ. ಹಳೆಯ ಅಡ್ಡಹೆಸರಿಗೇ ಬಾಲ ಸೇರಿ ಕ್ರೇನಕ್ಕ ಆಯಿತು.

ಒದ್ದೆ ಕಡೆಯ ಗಂಡಸರು ಅವಳು ತಮಗೆ ಬೇಡವೆಂದು ಕಾಗದ ಬರೆದು ಎಲ್ಲರೂ ಸಹಿ ಹಾಕಿದ್ದರು. ಮ್ಯಾನೇಜರ್ ಅವಳನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸಿ ಹಣೆ ಉಜ್ಜಿಕೊಂಡ.

"ಶನಿವಾರದ ತನಕ ನೋಡೋಣ. ನಿಮ್ಮನಿಮ್ಮಲ್ಲೇ ಹೊಂದಿಕೊಂಡ್ರೆ ಸರಿ. ಇಲ್ಲಾಂದ್ರೆ ನನ್ನ ಹತ್ರ ಮೂರನೇ ಕಡೆ ಅಂತ ಯಾವುದೂ ಇಲ್ಲ."

ಅವಳು ತುದಿ ಹಿಡಿಯಲು ಬಂದಾಗ ಎಲ್ಲರ ಕೈಯಲ್ಲೂ ತಟ್ಟನೆ ಏನೋ ಕೆಲಸ ಹುಟ್ಟಿಕೊಂಡಿತು. "ಬಾ ಈ ಕಡೆ," ಎಂದೆ ನಾನು. ದೊಡ್ಡ ಮನಸ್ಸಿನಿಂದೇನಲ್ಲ. ನನ್ನ ಭುಜ ಬಿದ್ದುಹೋಗಿತ್ತು.

ಮೊದಲನೇ ಬೆಡ್‌ಶೀಟು. ಆಗ ತಾನೇ ಇಸ್ತ್ರಿಯ ರೋಲರಿನಿಂದ ಬಿಸಿಬಿಸಿಯಾಗಿ ಇಳಿದದ್ದು. ತುದಿ ಹಿಡಿದಳು, ಎಳೆದಳು, ನಾನು ಬೇಡ ಬೇಡ ಎನ್ನುವಷ್ಟರಲ್ಲಿ ತಿರುಚಿಬಿಟ್ಟಳು! ಒದ್ದೆ ಕಡೆ ಇಬ್ಬರು ಸೇರಿ ನೀರು ಹಿಂಡುವಾಗ ಹಾಗೆ ತಿರುಚುತ್ತಾರೆ. ಹನ್ನೊಂದು ವರ್ಷ ಹಿಂಡಿದ ಕೈ ತಾನಾಗಿ ಹಿಂಡಿತು. ಮಡಿಸಬೇಕಾದ ಬಟ್ಟೆ ನಮ್ಮಿಬ್ಬರ ನಡುವೆ ಹಗ್ಗವಾಗಿ ನಿಂತಿತು.

ಒಣ ಕಡೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ರೋಲರ್ ನಡೆಸುವ ಇಸ್ತ್ರಿಯಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ಎರಡು ಹೆಣ್ಣುಮಕ್ಕಳ ತಾಯಿ, ಬಾಯಿಗೆ ಬೀಗವಿಲ್ಲ.

"ನೋಡಿದ್ರಾ ಅಜ್ಜಿ? ಕೋಟು ಬದಲಾಯಿಸಬಹುದು, ಕೈ ಬದಲಾಯಿಸೋಕಾಗುತ್ತಾ? ಗಂಡಸಿನ ಕೈ ಅದು."

ಕ್ರೇನಕ್ಕ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡಳು.

"ನಾನು ಸೇರಿದ ವಾರ ನಾನೂ ತಿರುಚಿದ್ದೆ," ಎಂದೆ. "ಅದಕ್ಕೆ ಮುಂಚೆ ಮನೆಮನೆ ಬಟ್ಟೆ ಒಗೀತಿದ್ದೆನಲ್ಲ. ಆಗ ನನ್ನದೂ ಗಂಡಸಿನ ಕೈ ಆಗಿತ್ತೇನು? ಕೈಗೆ ಮಾಡಿದ ಕೆಲಸ ಗೊತ್ತಿರುತ್ತೆ, ಅಷ್ಟೇ."

ಇಸ್ತ್ರಿಯಕ್ಕ ನಗು ನಿಲ್ಲಿಸಿದಳು. ಅವಳು ಮೊಂಡಿ, ದಡ್ಡಿಯಲ್ಲ.

"ಸರಿ, ಕೈ ಮಾತು ಬಿಡಿ. ಮೇಜಿನ ಹತ್ರ ನಿಂತುಕೊಳ್ಳಲಿ, ನನ್ನ ತಕರಾರಿಲ್ಲ. ಬಟ್ಟೆ ಬದಲಾಯಿಸೋ ಕೋಣೆ?"

ನಮ್ಮ ಕೋಣೆಯೆಂದರೆ ಹತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ. ಗೋಡೆಗೆ ಮೊಳೆಗಳು, ನಡುವೆ ಒಂದು ಬೆಂಚು. ಅಡ್ಡ ಮರೆಯಿಲ್ಲ. ಬೆಳಿಗ್ಗೆ ಹದಿನಾಲ್ಕು ಹೆಂಗಸರು ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೋಟು ತೊಡುತ್ತೇವೆ, ಮನೆಯ ಮಾತೆಲ್ಲ ಅಲ್ಲೇ ಆಡಿ ಮುಗಿಸುತ್ತೇವೆ.

ಮಂಗಳವಾರದಿಂದ ಗುರುವಾರದವರೆಗೆ ಮಾತು ಸುತ್ತಿದಲ್ಲೇ ಸುತ್ತಿತು. ದೇಹ ದೇಹವೇ ಎಂದರು ಒಬ್ಬರು. ಮನಸ್ಸಿಗಿಂತ ದೊಡ್ಡ ದೇಹ ಯಾವುದು ಎಂದರು ಇನ್ನೊಬ್ಬರು. ಡಾಕ್ಟರ ಚೀಟಿ ಇದೆಯಂತಾ, ಚೀಟಿ ಇದ್ದರೇನು, ಇಲ್ಲದಿದ್ದರೇನು. ನನ್ನೆದುರು ಬಂದವರೆಲ್ಲ ಕೊನೆಗೆ "ನೀವೇ ಹೇಳಿ ಅಜ್ಜಿ" ಎನ್ನುತ್ತಿದ್ದರು. ನಾನು ಹೇಳಿದರೆ ಕೇಳುವವರ ಮುಖ ಯಾವುದೂ ಅಲ್ಲಿರಲಿಲ್ಲ. ಕಿವಿ ಸೋತುಹೋಯಿತು. ಕ್ರೇನಕ್ಕ ಮಾತ್ರ ಮನೆಯಿಂದಲೇ ಕೋಟು ತೊಟ್ಟುಕೊಂಡು ಬೀದಿಯುದ್ದ ನಡೆದು ಬರುತ್ತಿದ್ದಳು. ದಾರಿಯಲ್ಲಿ ಯಾರ್‍ಯಾರು ಏನೇನು ಕೂಗುತ್ತಿದ್ದರೋ, ಬರುವಾಗ ಮುಖ ಹಿಂಡಿದಂತಿರುತ್ತಿತ್ತು. ಅವಳ ಬಟ್ಟೆಗಳನ್ನು ತಾಯಿ ಒಣಹಾಕುವಾಗ ಅಕ್ಕಪಕ್ಕದವರಿಗೆ ಕಾಣದಂತೆ ಮೇಲೊಂದು ಟವೆಲು ಹೊದಿಸುತ್ತಾಳಂತೆ. "ಒಣಗೋಕೆ ಎರಡು ದಿನ ಬೇಕು ಅಜ್ಜಿ, ಆದ್ರೂ ಒಣಹಾಕ್ತಾಳಲ್ಲ," ಎಂದಳು ಒಮ್ಮೆ, ತುದಿ ಜೋಡಿಸುತ್ತಾ.

ಶುಕ್ರವಾರ ಗುಂಡಿ ಹೊಲಿಯುವ ಹುಡುಗಿ ನನ್ನ ಪಕ್ಕ ಬಂದು ಕೂತಳು. ವರ್ಷಕ್ಕೆ ನಾಲ್ಕು ಮಾತಾಡುವವಳು. ಅವಳ ಮೈಮೇಲೆ ಮನೆಯ ಗಂಡಸೇ ಒಬ್ಬ ಕೈ ಹಾಕಿದ್ದನೆಂದು ನನಗೆ ಗೊತ್ತಿತ್ತು.

"ಅವರ ಮೇಲೆ ನಂಗೆ ಕೋಪ ಇಲ್ಲ ಅಜ್ಜಿ. ಆದ್ರೆ ಬಟ್ಟೆ ಬಿಚ್ಚಿರೋವಾಗ ಹಿಂದೆ ದಪ್ಪ ದನಿ ಕೇಳಿದ್ರೆ ಕೈಕಾಲು ನಡುಗುತ್ತೆ. ಅದು ಅವರ ತಪ್ಪಲ್ಲ. ನನ್ನ ತಪ್ಪಾ?"

ಅಲ್ಲ ಎಂದೆ. ಒಬ್ಬಳು ಹೋಗಬೇಕಾದ ಕೋಣೆ, ಇನ್ನೊಬ್ಬಳು ನಡುಗುವ ಕೋಣೆ. ಇಬ್ಬರದೂ ಸುಳ್ಳಲ್ಲ.

ಶನಿವಾರ ಮ್ಯಾನೇಜರ್ ಕಾಗದ, ಪೆನ್ನು ಹಿಡಿದು ಬಂದ. ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು. ನಾನು ಮೇಜು ತಟ್ಟಿದೆ. ನಾನು ಮೇಜು ತಟ್ಟುವವಳಲ್ಲ, ಅದಕ್ಕೇ ಸುಮ್ಮನಾದರು.

"ಅವಳನ್ನ ಯಾರಾದ್ರೂ ಕೇಳಿದ್ದೀರಾ, ಏನು ಬೇಕು ಅಂತ?"

ಕ್ರೇನಕ್ಕ ನೆಲ ನೋಡುತ್ತಲೇ ಹೇಳಿದಳು: "ಕೋಟು ನೇತುಹಾಕೋಕೆ ಒಂದು ಮೊಳೆ. ಮುಚ್ಚೋಕೆ ಒಂದು ಬಾಗಿಲು. ನಿಮ್ಮ ಕೋಣೇನೇ ಬೇಕು ಅಂತ ನಾನು ಯಾವತ್ತು ಅಂದೆ? ನಾನು ಹೆಂಗಸು ಹೌದೋ ಅಲ್ವೋ ಅಂತ ದಿನಾ ಬೆಳಿಗ್ಗೆ ಪರೀಕ್ಷೆ ಕೊಡೋಕೆ ನನಗೂ ಶಕ್ತಿ ಇಲ್ಲ. ಕೆಲಸ ಮಾಡಿ ಮನೆಗೆ ಹೋಗಬೇಕು, ಅಷ್ಟೇ."

ಮೇಲೆ ಕಂಬಳಿಗಳ ಉಗ್ರಾಣವಿದೆ, ಹದಿನೇಳು ಮೆಟ್ಟಿಲು. ಕೀಲಿ ನನ್ನ ಹತ್ತಿರ. ಆ ಕೋಣೆಯನ್ನು ಅವಳಿಗೆ ಕೊಡಿ ಎಂದೆ. ಮ್ಯಾನೇಜರ್ ಆಗದೆಂದು ತಲೆಯಾಡಿಸಿದ. ಉಗ್ರಾಣದೊಳಗೆ ಯಾರೂ ಒಬ್ಬರೇ ಇರಬಾರದು, ಕಳುವಿನ ಭಯಕ್ಕೆ ಮಾಲೀಕರು ಮಾಡಿದ ಕಟ್ಟಳೆ.

"ಹಾಗಾದ್ರೆ ನಾನೂ ಅಲ್ಲೇ ಬದಲಾಯಿಸ್ತೀನಿ. ಬರ್ಕೊಳ್ಳಿ."

"ಬೇಡ ಅಜ್ಜಿ, ನಿಮ್ಮ ಮಂಡಿ..." ಎಂದಳು ಕ್ರೇನಕ್ಕ.

"ಮಂಡಿ ನನ್ನದು."

ಮ್ಯಾನೇಜರ್ ಬರೆದುಕೊಂಡ. ಹೀಗೆ ಅವಳ ಕೆಲಸ ಉಳಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಸೋಮವಾರ ಮೆಟ್ಟಿಲು ಹತ್ತಿದೆ. ಒಂಬತ್ತನೇ ಮೆಟ್ಟಿಲಿನಲ್ಲಿ ನಿಂತು ಉಸಿರು ತೆಗೆದುಕೊಂಡೆ. ಮಂಗಳವಾರ ಏಳನೆಯದರಲ್ಲೇ ನಿಂತೆ. ಬುಧವಾರ ಐದನೆಯದರಲ್ಲಿದ್ದಾಗ ಹಿಂದೆ ಚಪ್ಪಲಿಯ ಸದ್ದು. ಇಸ್ತ್ರಿಯಕ್ಕ ಕೀಲಿಗೊಂಚಲನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಕೆಳಗಿಳಿದು ಕೂತ್ಕೊಳ್ಳಿ. ನೀವು ಬಿದ್ದು ಮಂಡಿ ಮುರ್ಕೊಂಡ್ರೆ ಪಾಪ ನನ್ನ ತಲೆಗೆ ಸುತ್ತಿಕೊಳ್ಳುತ್ತೆ. ನಾನೇನೂ ಒಪ್ಪಿಲ್ಲ, ತಿಳೀತಾ? ನಿಮ್ಮ ಮಂಡಿಗೋಸ್ಕರ."

ನಾನು ಇಳಿಯಲಿಲ್ಲ. ಮೆಟ್ಟಿಲ ಮೇಲೇ ಕೂತೆ. ಅವಳು ಮೇಲೆ ಹೋಗಿ ಬೀಗ ತೆಗೆದು, ಅಲ್ಲಿ ಕಾಯುತ್ತಿದ್ದ ಕ್ರೇನಕ್ಕನನ್ನು ಒಳಗೆ ಬಿಟ್ಟು, ಬಾಗಿಲಿಗೆ ಬೆನ್ನು ಕೊಟ್ಟು ಹೊಸ್ತಿಲ ಮೇಲೆ ಕುಕ್ಕರಿಸಿದಳು. ಒಬ್ಬರೇ ಇರಬಾರದೆಂಬ ಕಟ್ಟಳೆ ಅಷ್ಟಕ್ಕೆ ಪೂರೈಸಿತೆಂದು ಅವಳೇ ತೀರ್ಮಾನಿಸಿದಳು.

ಇದಾಗಿ ಎರಡು ವಾರ. ದಿನವೂ ಇದೇ. ನಾನು ಕೆಳಗಿನ ಕೋಣೆಯಲ್ಲೇ ಕೋಟು ತೊಟ್ಟು ಮೆಟ್ಟಿಲ ಬುಡದಲ್ಲಿ ಕಾಯುತ್ತೇನೆ. ಮೇಲಿನಿಂದ ಅವರ ಮಾತು ಕೇಳಿಸುತ್ತದೆ.

"ಆಯ್ತಾ? ರೋಲರ್ ಬಿಸಿಯಾಗಿ ಕೂತಿದೆ."

"ಆಯ್ತು, ಗುಂಡಿ ಹಾಕ್ಕೊಳ್ತಿದ್ದೀನಿ. ಅಕ್ಕಾ, ನಿಮಗೆ ನನ್ನ ಮೇಲೆ ಇನ್ನೂ ನಂಬಿಕೆ ಬಂದಿಲ್ವಾ?"

"ಗೊತ್ತಿಲ್ಲ. ನಾಳೆ ಕೇಳು."

"ನಿನ್ನೇನೂ ಇದನ್ನೇ ಹೇಳಿದ್ರಿ."

"ನಾಳೇನೂ ಇದನ್ನೇ ಹೇಳ್ತೀನೇನೋ. ಬಾಗಿಲು ತೆಗಿ, ನನ್ನ ಸೊಂಟ ಹಿಡ್ಕೊಂಡಿದೆ."

ಬಾಗಿಲು ತೆರೆಯುತ್ತದೆ. ಏಳಲು ಆಧಾರಕ್ಕೆ ಒಂದು ಕೈ ಚಾಚುತ್ತದೆ. ಇಸ್ತ್ರಿಯಕ್ಕ ಕೆಲವು ದಿನ ಅದನ್ನು ಹಿಡಿಯುತ್ತಾಳೆ, ಕೆಲವು ದಿನ ಗೋಡೆ ಹಿಡಿದು ಏಳುತ್ತಾಳೆ.