ಬೀಗ ಮನೆಗೆ

ಮೇಲಿನ ಮನೆಯ ಪ್ರೊಫೆಸರ್ ಡನ್‌ಮೋರ್ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಕಾನೂನು ಪಾಠ ಹೇಳುವ ಇಂಗ್ಲಿಷಿನವನು ಒಬ್ಬನೇ ಅತ್ತಿಂದಿತ್ತ ಓಡಾಡುತ್ತ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳಿಕೊಳ್ಳುವುದು ಯಾಕೆ? ಭಾನುವಾರ ಅವನಲ್ಲಿಗೆ ಬರುವವರು ನನ್ನನ್ನು ಕಂಡೊಡನೆ ಬಾಯಿ ಮುಚ್ಚುವುದು ಯಾಕೆ? ಕೇಳಿದರೆ, "ಕವಿತೆ ಓದ್ತೀವಿ, ಮದಾಮ್ ತ್ರುದೆಲ್" ಎಂದು ನಗುತ್ತಿದ್ದ. ಕವಿತೆಗೆ ಕಿಟಕಿಯ ಪರದೆ ಎಳೆಯಬೇಕೇ?

ನಮ್ಮ ಕ್ವಿಬೆಕ್ ಪ್ರಾಂತ್ಯದಲ್ಲಿ ಆಗಷ್ಟೇ ಬೀಗದ ಕಾನೂನು ಬಂದಿತ್ತು. ಕಮ್ಯುನಿಸ್ಟರು ಸೇರುವ ಮನೆ ಎಂದು ಸರ್ಕಾರಕ್ಕೆ ಅನ್ನಿಸಿದರೆ ಸಾಕು, ಒಂದು ವರ್ಷ ಬೀಗ. ಗಂಡ ಸತ್ತ ಮೇಲೆ ನನಗೆ ಉಳಿದದ್ದು ಈ ಮನೆಯೊಂದೇ. ಕೆಳಗೆ ನಾನು, ಮೇಲೆ ಬಾಡಿಗೆಗೆ ಅವನು, ಬೀದಿಗೆ ಇಬ್ಬರಿಗೂ ಒಂದೇ ಬಾಗಿಲು. ಚಳಿಗಾಲದಲ್ಲೇ ಹೇಳಿಬಿಟ್ಟೆ: "ಮೇ ಒಂದಕ್ಕೆ ಖಾಲಿ ಮಾಡಿ, ಪ್ರೊಫೆಸರ್ರೇ."

ಅವನು ಯಾಕೆಂದೇ ಕೇಳಲಿಲ್ಲ. ಅದರಿಂದ ನನ್ನ ಅನುಮಾನ ಇನ್ನಷ್ಟು ಬಲವಾಯಿತು.

ಬಾಡಿಗೆ ಕರಾರುಗಳೆಲ್ಲ ಮುಗಿಯುವ ಮೇ ಒಂದರಂದು ನಮ್ಮ ಮಾಂಟ್ರಿಯಲ್‌ನ ಅರ್ಧ ಊರೇ ಮನೆ ಬದಲಿಸುತ್ತದೆ. ಬೀದಿ ತುಂಬ ಹಾಸಿಗೆ, ಒಲೆ, ಕುದುರೆಗಾಡಿ. ಅವನ ಪುಸ್ತಕದ ಪೆಟ್ಟಿಗೆಗಳೂ ಗಾಡಿ ಏರಿದವು. ಪೀಡೆ ತೊಲಗಿತು ಎಂದು ನೆಮ್ಮದಿಯಿಂದ ಬಟಾಣಿ ಸೂಪು ಒಲೆಗಿಟ್ಟೆ. ಆಗ ಪೊಲೀಸರು ಬಂದರು, ದಪ್ಪ ಬೀಗ ಹಿಡಿದು.

"ಅವನೇ ಹೋಗ್ತಾ ಇದಾನಲ್ರೀ!" ಎಂದೆ.

"ಬೀಗ ಮನುಷ್ಯರಿಗಲ್ಲಮ್ಮ, ಮನೆಗೆ. ಆಚೆ ಬನ್ನಿ," ಎಂದ ದಪ್ಪ ಮೀಸೆಯವನು.

"ಯಾವ ಜಡ್ಜ್ ಹೇಳಿದ್ದು?"

"ಜಡ್ಜ್ ಬೇಕಿಲ್ಲ. ತಪ್ಪು ಮಾಡಿಲ್ಲ ಅಂತ ಆಮೇಲೆ ನೀವೇ ತೋರಿಸ್ಕೊಳ್ಳಿ."

"ಮಾಡ್ದೇ ಇರೋದನ್ನ ಹೆಂಗಯ್ಯ ತೋರಿಸೋದು? ನಿನ್ನ ಹೆಂಡ್ತಿಗೆ ತೋರಿಸೋಕಾಗುತ್ತಾ ನಿನಗೆ?"

ಗಾಡಿಯವರು ಗೊಳ್ಳೆಂದು ನಕ್ಕರು. ಮೀಸೆಯವನು ನಗಲಿಲ್ಲ. ಪ್ರೊಫೆಸರ್ ಗಾಡಿಯಿಂದಿಳಿದು ಬಂದು ಹೊಸ್ತಿಲ ಮೇಲೆ ಕೂತ, ಕಾನೂನು ಮಾತಾಡಿದ. ಇಬ್ಬರು ಸೇರಿ ಅವನನ್ನು ರಟ್ಟೆ ಹಿಡಿದು ಪಕ್ಕಕ್ಕಿಟ್ಟರು. ಒಲೆ ಆರಿಸಿ, ಸೂಪಿನ ಪಾತ್ರೆ ತರಲು ಮಾತ್ರ ನನ್ನನ್ನು ಒಳಗೆ ಬಿಟ್ಟರು. ಆಮೇಲೆ ಬೀಗ ಬಿತ್ತು.

"ಗಾಡಿ ಹತ್ತಿ, ಮದಾಮ್. ಹೊಸ ಮನೇಲಿ ಎರಡು ಕೋಣೆ ಇವೆ," ಎಂದ ಪ್ರೊಫೆಸರ್. "ಈ ಕಾನೂನನ್ನ ಕೋರ್ಟಿಗೆ ಎಳೀತೀನಿ. ಸುಮಾರು ವರ್ಷ ಹಿಡೀಬಹುದು."

ಬೇರೆ ದಾರಿ ಇರಲಿಲ್ಲ. ಪೆಟ್ಟಿಗೆಗಳ ಮೇಲೆ, ಪಾತ್ರೆ ತೊಡೆಯಲ್ಲಿಟ್ಟುಕೊಂಡು ಕೂತೆ. ಆದರೂ ಸುಮ್ಮನಿರಲಾಗಲಿಲ್ಲ.

"ಖಾಲಿ ಮಾಡಿ ಅಂದಾಗ ಯಾಕೆ ಅಂತ ಕೇಳ್ಲಿಲ್ವಲ್ಲ ನೀವು?"

"ನಾನಿದ್ರೆ ನಿಮ್ಮ ಮನೆಗೆ ಬೀಗ ಬೀಳುತ್ತೆ ಅಂತ ನನಗೂ ಭಯ ಇತ್ತು. ನೀವು ಹೇಳೋ ಮುಂಚೆನೇ ಬೇರೆ ಮನೆ ಹುಡುಕ್ತಿದ್ದೆ."

ನನಗೆ ಅವರ ಮುಖ ನೋಡಲಾಗಲಿಲ್ಲ. ತಲೆ ತಿರುಗಿಸಿದರೆ ಎದುರುಮನೆಯ ಲಬೆಲ್ ಕಿಟಕಿಯಲ್ಲಿದ್ದಳು. ಇಪ್ಪತ್ತು ವರ್ಷದ ಗೆಳತಿ. ಕೈ ಎತ್ತಿದೆ.

ಅವಳು ಪರದೆ ಎಳೆದುಕೊಂಡಳು.