ಗೀರು ಬಿದ್ದ ಬೆಳ್ಳಕ್ಕಿ

"ಡ್ರೈವರ್ ಎಲ್ಲಿ ಕೂತ್ಕೋತಾನೆ?"

ಬೆನ್ನ ಹಿಂದೆ ನಿಂತು ಅಪ್ಪ ಕೇಳಿದಾಗ ಅವಳು ಶನಿವಾರವೂ ಮನೆಯಲ್ಲಿ ಕೆಲಸಕ್ಕೆ ಕೂತು, ಪರದೆಯ ಮೇಲಿನ ವಿಮಾನದ ರೆಕ್ಕೆಗೆ ಬಣ್ಣ ತುಂಬುತ್ತಿದ್ದಳು.

"ಒಳಗೆ ಯಾರೂ ಇರಲ್ಲ ಅಪ್ಪ. ಆಡೋರು ದೂರದಲ್ಲಿ ಕೂತು ನಡೆಸ್ತಾರೆ."

"ಮತ್ತೆ ಅದು ವಾಪಸ್ ಯಾಕೆ ಬರ್ಬೇಕು?"

ಅವಳ ಕೈ ನಿಂತಿತು. ಮೂರು ವಾರದಿಂದ ಆಫೀಸಿನಲ್ಲಿ ಎಲ್ಲರೂ ತಲೆ ಕೆಡಿಸಿಕೊಂಡಿದ್ದದ್ದು ಇದಕ್ಕೇ. ಅವರು ತಯಾರಿಸುತ್ತಿದ್ದದ್ದು ಇಬ್ಬರು ಚಂದ್ರರಿರುವ ಯಾವುದೋ ಲೋಕದಲ್ಲಿ ನಡೆಯುವ ಯುದ್ಧದ ಕಂಪ್ಯೂಟರ್ ಆಟ. ಆಳಿಲ್ಲದೆ ಹಾರುವ ಈ ಬಿಳಿ ಯುದ್ಧವಿಮಾನಕ್ಕೆ ಬೆಳ್ಳಕ್ಕಿ ಎಂದು ಹೆಸರಿಟ್ಟಿದ್ದಳು. ಆಡಿ ನೋಡಿದವರೆಲ್ಲ ಅದನ್ನು ಶತ್ರುವಿನ ಗೋಪುರಕ್ಕೆ ಗುದ್ದಿಸಿ, ಮರುಕ್ಷಣ ಹೊಸದೊಂದನ್ನು ತೆಗೆದುಕೊಳ್ಳುತ್ತಿದ್ದರು. "ಸೋಮವಾರದೊಳಗೆ ಏನಾದ್ರೂ ಮಾಡಿ. ಇಲ್ಲಾಂದ್ರೆ ಬೆಳ್ಳಕ್ಕೀನೇ ತೆಗೆದುಬಿಡೋಣ," ಎಂದಿದ್ದರು ಮುಖ್ಯಸ್ಥರು. ಅವಳ ಎರಡು ವರ್ಷದ ಕೆಲಸ ಅದು.

ಅಪ್ಪ ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು. ಕಣ್ಣಿನ ಅಂಚುಗಳು ಕತ್ತಲಾಗಿ, ನೇರ ಎದುರಿಗಿದ್ದದ್ದು ಮಾತ್ರ ಕಾಣುವಂತಾದಾಗ ಲೈಸೆನ್ಸ್ ಹೋಯಿತು. ಅಲ್ಲಿಂದೀಚೆಗೆ ಗೇಟು ದಾಟಿದವರಲ್ಲ. ಕಿಟಕಿ ಪಕ್ಕದ ಕುರ್ಚಿ, ರೇಡಿಯೋ, ಏನು ಕೇಳಿದರೂ ಒಂದು "ಹ್ಞೂಂ". ಇವತ್ತು ತಾವಾಗಿ ಎರಡು ಪ್ರಶ್ನೆ ಕೇಳಿದ್ದರು. ಅವಳು ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು.

"ನೀವೇ ಓಡಿಸಿ ನೋಡಿ."

"ಲೈಸೆನ್ಸ್ ಇಲ್ವಲ್ಲೇ."

"ಇಲ್ಲಿ ಯಾರೂ ಕೇಳಲ್ಲ."

ಅಪ್ಪನ ದಪ್ಪ ಬೆರಳುಗಳು ಆಟ ನಡೆಸುವ ಹಿಡಿಕೆಯ ಗುಂಡಿಗಳನ್ನು ಒಂದೊಂದಾಗಿ ತಡವಿ ಪರಿಚಯ ಮಾಡಿಕೊಂಡವು. ಅರ್ಧ ಗಂಟೆ ವಿಮಾನವನ್ನು ಬರೀ ರನ್‌ವೇ ಮೇಲೇ ಸುತ್ತಿಸಿದರು. ಆಮೇಲೆ ಬೆಳ್ಳಕ್ಕಿ ಎದ್ದಿತು. ಹಸಿರು ಕಡಲು ಕೆಳಗೆ ಮೆಲ್ಲಗೆ ಜಾರುತ್ತ ಹೋಯಿತು. ಮೋಡಗಳು ಬಂದು ಮುಟ್ಟಿ ದಾರಿ ಬಿಟ್ಟುಕೊಟ್ಟವು. ಒಬ್ಬ ಚಂದ್ರ ಮುಳುಗುವ ಹೊತ್ತಿಗೆ ಇನ್ನೊಬ್ಬ ಎದುರಾದ. ಅಪ್ಪ ಒಂದು ಗುಂಡನ್ನೂ ಹಾರಿಸಲಿಲ್ಲ. ಮಧ್ಯಾಹ್ನದ ಬಿಸಿಲು ನೆಲದ ಮೇಲಿಂದ ಗೋಡೆಗೆ ಹತ್ತಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಎಲ್ಲಿಂದಲೋ ಬಂದ ಬೆಂಕಿಯುಂಡೆ ಎಡರೆಕ್ಕೆಯ ತುದಿಯನ್ನು ಸುಟ್ಟಿತು. ವಿಮಾನ ಒಂದು ಮಗ್ಗುಲಿಗೆ ವಾಲಿತು.

"ಬಿಟ್ಬಿಡಿ ಅಪ್ಪ, ಬೇರೇದು ಬರುತ್ತೆ."

"ಗಾಡೀನ ದಾರೀಲಿ ಬಿಟ್ಟು ನಾನೊಬ್ನೇ ಮನೆಗೆ ಹೋಗ್ಲಾ?"

ಬಂದ ದಾರಿಯಲ್ಲೇ ಹಿಂತಿರುಗಿಸಿದರು. "ಬಾ, ಬಾ, ಇನ್ನೇನು ಬಂದ್ವಿ," ಎಂದು ಗೊಣಗುತ್ತ, ವಾಲಿದ್ದಕ್ಕೆ ತಾವೂ ವಾಲುತ್ತ ತಂದು ಇಳಿಸಿದರು. ಪರದೆ ಒಮ್ಮೆ ಮಿಟುಕಿತು. ನಿಲ್ದಾಣದಲ್ಲಿ ಫಳಫಳ ಹೊಳೆಯುವ ಬೆಳ್ಳಕ್ಕಿ ನಿಂತಿತ್ತು.

ಅಪ್ಪ ಮುಂದಕ್ಕೆ ಬಾಗಿ ನೋಡಿದರು. "ಇದಲ್ಲ."

"ಏನು ಇದಲ್ಲ?"

"ನಾನು ತಂದಿದ್ದು ಇದಲ್ಲ ಪುಟ್ಟಿ. ಅದರ ರೆಕ್ಕೆ ಸುಟ್ಟಿತ್ತು. ಅದೆಲ್ಲಿ?"

ಭಾನುವಾರವಿಡೀ ಕೂತು ಒಂದನ್ನೇ ಬದಲಿಸಿದಳು: ಮರಳಿ ಬಂದ ಬೆಳ್ಳಕ್ಕಿ ಮರಳಿ ಬಂದ ಹಾಗೇ ಉಳಿಯಬೇಕು. ಸುಟ್ಟಲ್ಲಿ ತೇಪೆ, ಉಜ್ಜಿದಲ್ಲಿ ಗೀರು. ಮತ್ತೆ ಹೊರಡುವುದೂ ಅದೇ.

ಸೋಮವಾರ ಮುಖ್ಯಸ್ಥರು ತಾವೇ ಆಡಲು ಕೂತರು. ಮೂರನೆಯ ಸಲ ಪೆಟ್ಟು ತಿಂದಾಗ ಅವರ ಹೆಬ್ಬೆರಳು ಹೊಸ ವಿಮಾನದ ಗುಂಡಿಯತ್ತ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ಹಿಂದೆ ಬಂತು. ಕುಂಟುತ್ತಿದ್ದದ್ದನ್ನು ತಂದು ಇಳಿಸಿದರು.

"ಹಳೇ ಡಬ್ಬದ ಥರ ಕಾಣುತ್ತಪ್ಪ," ಎಂದ ಪಕ್ಕದ ಮೇಜಿನವನು.

"ಇರ್ಲಿ," ಎಂದರು ಮುಖ್ಯಸ್ಥರು.

ಸಂಜೆ ಬೇಗ ಮನೆಗೆ ಬಂದು ಬೆಳ್ಳಕ್ಕಿ ಉಳಿದ ಸುದ್ದಿ ಹೇಳಿದಳು. ಅಪ್ಪ "ಹ್ಞೂಂ" ಎಂದು ಹಿಡಿಕೆಗೆ ಕೈ ಚಾಚಿದರು. ಸ್ವಲ್ಪ ಹೊತ್ತಿಗೆ ಹಸಿರು ಕಡಲಿನ ಮೇಲೆ ಮೋಡ ಕಪ್ಪಾಗತೊಡಗಿತು.

"ಪುಟ್ಟಿ, ಮಳೆ ಬರೋ ಹಾಗಿದೆ," ಎಂದರು, ಪರದೆಯಿಂದ ಕಣ್ಣು ಕೀಳದೆ. "ಮೇಲೆ ಬಟ್ಟೆ ಒಣಗ್ತಿದೆ ನೋಡು."

ಅವಳು ತಾರಸಿಗೆ ಹೋದಳು. ಆಕಾಶ ಒಂದು ಮೋಡವೂ ಇಲ್ಲದೆ ತೊಳೆದಿಟ್ಟಂತಿತ್ತು. ಸಂಜೆಬಿಸಿಲಿನಲ್ಲಿ ಅಪ್ಪನ ಎರಡು ಖಾಕಿ ಅಂಗಿಗಳು ಇನ್ನೂ ಹಸಿಯಾಗಿಯೇ ಹೊಯ್ದಾಡುತ್ತಿದ್ದವು. ಅವಳು ಒಂದೊಂದಾಗಿ ಕ್ಲಿಪ್ಪು ಬಿಚ್ಚಿ, ಬಟ್ಟೆಗಳನ್ನೆಲ್ಲ ಹೆಗಲಿಗೆ ಹಾಕಿಕೊಂಡು ಕೆಳಗಿಳಿದಳು.