ಮೌಲಾಸಾಬನ ಮೈಕು

ನಾನು ಒಂದು ಮೈಕು. ಹುಬ್ಬಳ್ಳಿಯ ಇಕ್ಕಟ್ಟಾದ ಅಂಗಡಿಯೊಂದರಲ್ಲಿ ಎರಡು ಹಳೆಯ ಮೈಕುಗಳ ಹೊಟ್ಟೆ ಬಗೆದು, ಬೆಸುಗೆ ಹಾಕಿ, ಒಬ್ಬ ಮಿಸ್ತ್ರಿ ನನ್ನನ್ನು ಹುಟ್ಟಿಸಿದ. ಹುಟ್ಟಿದ ಕೂಡಲೇ "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎಂದು ಮುಖದ ತುಂಬ ಉಗುಳು ಸಿಡಿಸಿದ. ನನ್ನಂಥವರ ನಾಮಕರಣ ಆಗುವುದೇ ಹೀಗೆ, ಬಿಡಿ.

ನನ್ನನ್ನು ಕೊಂಡವನು ಸವಣೂರು ಕಡೆಯ ಸಣ್ಣ ಊರೊಂದರ ಮೌಲಾಸಾಬ. ಮದುವೆಯಿರಲಿ, ಸಾವಿರಲಿ, ಆಟೋದಲ್ಲಿ ಕೂತು ಓಣಿ ಓಣಿ ಸಾರುವುದು ಅವನ ಕಸುಬು. ಅವನ ಜೀವದ ಗೆಳೆಯ ರುದ್ರಪ್ಪ ಪಕ್ಷವೊಂದರ ಟಿಕೆಟ್ ಮೇಲೆ ಪುರಸಭೆ ಚುನಾವಣೆಗೆ ನಿಂತ. ಹಿಂದೆ ಮುಂದೆ ಯಾರೂ ಇಲ್ಲದ ಮನುಷ್ಯ. ಮೌಲಾ ಬಾಡಿಗೆಯ ಮಾತೇ ಎತ್ತದೆ ನನ್ನನ್ನು ಬಾಯಿಗೆ ಹಿಡಿದ.

"ತಾಯಂದ್ರ, ಅಣ್ಣಾರ, ನಮ್ಮ ರುದ್ರಣ್ಣನ ಗುರ್ತು ಹೊಲಿಗಿ ಮಷಿನ್! ಮರೀಬ್ಯಾಡ್ರಿ!"

ರುದ್ರಪ್ಪ ಗೆದ್ದ. ಗೆದ್ದು ಸುಮ್ಮನೆ ಕೂರಲಿಲ್ಲ, ಅದನ್ನೂ ಹೇಳಬೇಕು. ಗಟಾರ ಬಳಿಸಿದ, ಓಣಿಗೆ ನಳ ತಂದ. ಪುರಸಭೆ ಅಧ್ಯಕ್ಷನಾದ, ಶಾಸಕನಾದ, ಕೊನೆಗೆ ಗೂಟದ ಕಾರಿನಲ್ಲಿ ಓಡಾಡುವ ಮಂತ್ರಿಯೂ ಆದ. ಆದರೆ ಪ್ರತಿ ಚುನಾವಣೆಯ ಪ್ರಚಾರ ಶುರುವಾಗಬೇಕಾದರೆ ಮೌಲಾನೇ ಮೊದಲು ಬಾಯಿ ಬಿಡಬೇಕು. "ಮೌಲಾನ ಬಾಯಿಗುಣ ಛಲೋ ಐತಿ" ಎನ್ನುತ್ತಿದ್ದ ರುದ್ರಪ್ಪ. ಆಗ ಮೌಲಾ ಹಿಗ್ಗಿ ಹೀರೇಕಾಯಿ ಆಗುತ್ತಿದ್ದ.

ಆಮೇಲೆ ಮಂತ್ರಿಗಿರಿ ಹೋಯಿತು. ಆ ಸಿಟ್ಟಿಗೆ ರುದ್ರಪ್ಪ ಪಕ್ಷವನ್ನೇ ಬಿಟ್ಟ. ಮುಂದಿನ ಚುನಾವಣೆಗೆ ಪಕ್ಷದ ಹೊಲಿಗೆ ಮಷಿನ್ ಗುರುತಿನಲ್ಲಿ ಬೇರೊಬ್ಬ ನಿಂತ, ರುದ್ರಪ್ಪನಿಗೆ ಬಕೆಟ್ ಗುರುತು ಬಂತು. ಮೌಲಾ ಉಣ್ಣುವಾಗಲೂ "ಬಕೆಟ್, ಬಕೆಟ್" ಎಂದು ಬಾಯಿಪಾಠ ಮಾಡುತ್ತಿದ್ದ.

"ಬಕೆಟ್ ಬಚ್ಚಲದಾಗ ಐತಿ, ಮೊದ್ಲ ರೊಟ್ಟಿ ತಿನ್ನು" ಎಂದು ಹೆಂಡತಿ ಬೀಬಿಜಾನ್ ನಗುತ್ತಿದ್ದಳು.

ಪ್ರಚಾರದ ಕೊನೆಯ ದಿನ. ಸಂತೆ ಗಿಜಿಗುಡುತ್ತಿತ್ತು. ಜನರನ್ನು ಕಂಡು ಮೌಲಾನಿಗೆ ಹುರುಪು ಬಂತು. ಆ ಹುರುಪಿನಲ್ಲಿ ನಾಲಿಗೆ ತನ್ನ ಹಳೇ ದಾರಿಯನ್ನೇ ಹಿಡಿಯಿತು.

"ನಮ್ಮ ರುದ್ರಣ್ಣನ ಗುರ್ತು ಹೊಲಿಗಿ ಮಷಿನ್! ಮರೀಬ್ಯಾಡ್ರಿ, ಹೊಲಿಗಿ ಮಷಿನ್ನಿಗೇ ಹಾಕ್ರಿ!"

ಅಯ್ಯೋ ದೇವರೇ! ನಾನಾದರೂ ಏನು ಮಾಡಲಿ? ಬಂದ ಮಾತನ್ನು ಕೂಗುವುದು ಗೊತ್ತೇ ಹೊರತು ನುಂಗುವುದು ನನಗೆ ಗೊತ್ತಿಲ್ಲ. ಸಂತೆಗೆ ಸಂತೆಯೇ ಶಿಳ್ಳೆ ಹೊಡೆಯಿತು.

ರುದ್ರಪ್ಪ ಕೂದಲೆಳೆಯ ಅಂತರದಲ್ಲಿ ಸೋತ. ಸೋಲಿಗೆ ನೂರೆಂಟು ಕಾರಣಗಳಿದ್ದವು, ಅವನ ಕಣ್ಣಿಗೆ ಬಿದ್ದದ್ದು ಒಂದೇ. ಮೌಲಾ ನನ್ನನ್ನು ಹೆಗಲ ಚೀಲದಲ್ಲಿ ಹಾಕಿಕೊಂಡು ಸಮಾಧಾನ ಹೇಳಲು ಹೋದರೆ, ರುದ್ರಪ್ಪ ಅಂಗಳದಲ್ಲಿ ಎಲ್ಲರ ಮುಂದೆ ಕೇಳಿದ:

"ಯಾರಿಗೆ ಮಾರ್ಕೊಂಡ್ಯೋ ಮೌಲಾ?"

ಮಾತಿನಿಂದಲೇ ಹೊಟ್ಟೆ ಹೊರೆದವನು ತಲೆ ತಗ್ಗಿಸಿ ಹೊರಗೆ ಬಂದ. ದಾರಿಯುದ್ದಕ್ಕೂ ನಾನಿದ್ದ ಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದ.

ರಂಜಾನ್ ಹಬ್ಬಕ್ಕೆ ಹಾಲು-ಶಾವಿಗೆಯ ಸುರಕುಂಬಾ ಕುಡಿಯಲು ರುದ್ರಪ್ಪ ಪ್ರತಿ ವರ್ಷ ಬರುತ್ತಿದ್ದ, ಮಂತ್ರಿಯಾದಾಗಲೂ ತಪ್ಪಿಸಿರಲಿಲ್ಲ. ಆ ವರ್ಷ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. "ಸುಮ್ನ ಯಾಕ ಕಾಯ್ತಿ?" ಎಂದು ಬೀಬಿಜಾನ್ ಅಂದರೂ ಮೌಲಾ ಅವನ ಪಾಲಿನ ಬಟ್ಟಲನ್ನು ಮುಚ್ಚಿಟ್ಟು ಸಂಜೆಯವರೆಗೂ ಬಾಗಿಲ ಕಡೆ ನೋಡುತ್ತಿದ್ದ.

ಒಂದು ಮುಂಜಾನೆ ಸುದ್ದಿ ಬಂತು. ರುದ್ರಪ್ಪ ಮಲಗಿದಲ್ಲೇ ತೀರಿಕೊಂಡಿದ್ದ. ಊರಿಗೆ ಸುದ್ದಿ ಸಾರು ಎಂದು ಯಾರೂ ಮೌಲಾನಿಗೆ ಹೇಳಿ ಕಳಿಸಲಿಲ್ಲ. ಅವನೇ ನನ್ನನ್ನು ತೆಗೆದುಕೊಂಡು ಆಟೋ ಹತ್ತಿದ.

"ನಮ್ಮೂರಿನ ಮಗ, ಮಾಜಿ ಮಂತ್ರಿ, ರುದ್ರಣ್ಣಾರು ನಮ್ಮನ್ನ ಬಿಟ್ಟು ಹೋಗ್ಯಾರ್ರೀ..."

ಒಂದು ಓಣಿಯನ್ನೂ ಬಿಡಲಿಲ್ಲ. ಎಲ್ಲಿಯೂ ಧ್ವನಿ ನಡುಗಲಿಲ್ಲ. ಕಡೆಗೆ ಊರ ಹೊರಗಿನ ಕೆರೆ ದಂಡೆಯಲ್ಲಿ ಆಟೋ ನಿಲ್ಲಿಸಿ ನನ್ನ ಸ್ವಿಚ್ ಆರಿಸಿದ. ಗೆಳೆಯ ಸತ್ತ ದಿನ ತನ್ನ ಕತೆಯನ್ನು ಊರಿಗೆ ಕೇಳಿಸಬಾರದು ಅನ್ನಿಸಿರಬೇಕು. ಆದರೂ ನನ್ನನ್ನು ಬಾಯಿಯ ಹತ್ತಿರವೇ ಹಿಡಿದ.

"ಬಾಯಿ ತಪ್ತೋ ರುದ್ರಣ್ಣಾ. ನಾ ಯಾರಿಗೂ ಮಾರ್ಕೊಂಡಿಲ್ಲೋ ದೋಸ್ತಾ."

ಮತ್ತೆ ಮತ್ತೆ ಅದನ್ನೇ ಹೇಳಿ, ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ನನ್ನ ಮೈಯೆಲ್ಲ ಒದ್ದೆಯಾಯಿತು.

ಈಗ ನಾನು ಅವನ ಮನೆಯ ಅಟ್ಟದ ಮೇಲೆ ತುಕ್ಕು ಹಿಡಿದು ಬಿದ್ದಿದ್ದೇನೆ. ಮೌಲಾ ಮತ್ತೆ ನನ್ನನ್ನು ಮುಟ್ಟಲಿಲ್ಲ. ಯಾರ್ಯಾರದೋ ಎಷ್ಟೆಷ್ಟೋ ಸುಳ್ಳುಗಳನ್ನು ಊರಿಗೆಲ್ಲ ಮುಟ್ಟಿಸಿದವನು ನಾನು. ಅದೊಂದು ನಿಜ ಮಾತ್ರ ನನ್ನೊಳಗೇ ಉಳಿಯಿತು. ಅದನ್ನು ಕೇಳಬೇಕಾದವನು ಹೋಗಿಬಿಟ್ಟಿದ್ದ.